ಬಂಪರ್ ಉಜ್ಜಿದ್ದಕ್ಕೆ ಕ್ಲೇಮ್ ಬೇಕಾ?

ಸಂಪಾಜೆ ಘಾಟಿ ತಿರುವಿನಲ್ಲಿ ತಡೆಗೋಡೆಗೆ ಬಂಪರ್ ಉಜ್ಜಿದೆ, ಮಡಿಕೇರಿ ಗ್ಯಾರೇಜಿನಲ್ಲಿ 6,000 ಹೇಳಿದ್ದಾರೆ, ನೋ ಕ್ಲೇಮ್ ಬೋನಸ್ (ವಿಮೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಈಗ 35% ಇದೆ, ಕ್ಲೇಮ್ ಮಾಡಲಾ ಅಂದಿದ್ದೀರಿ. ನನ್ನ ಕೇಳಿದರೆ ಕೈಯಿಂದಲೇ ಕೊಟ್ಟುಬಿಡಿ.

ಲೆಕ್ಕ ನೋಡಿ. 1500 ಸಿಸಿವರೆಗಿನ ಕಾರಾದರೆ ಕ್ಲೇಮ್ ಮಾಡಿದರೂ ಮೊದಲ 1,000 ಹೇಗೂ ನೀವೇ ಕೊಡಬೇಕು. ಝೀರೋ ಡೆಪ್ (ಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಆ್ಯಡ್-ಆನ್) ಇಲ್ಲದಿದ್ದರೆ, ಬಂಪರ್ ಬದಲಿಸಿದರೂ ಪ್ಲಾಸ್ಟಿಕ್ ಅಂತ ಅದರ ಬೆಲೆಯಲ್ಲಿ ಅರ್ಧ ಕಳೆಯುತ್ತಾರೆ. ಬರುವುದು ಮೂರೋ ನಾಲ್ಕೋ ಸಾವಿರ, ಅಷ್ಟಕ್ಕೆ ನಷ್ಟ ಅಂದಾಜು ಮಾಡುವ ಸರ್ವೇಯರ್‌ಗೆ ಕಾಯುತ್ತಾ ಕೂರಬೇಕು. ಕ್ಲೇಮ್ ಮಾಡದಿದ್ದರೆ ಬರುವ ವರ್ಷ 45% ರಿಯಾಯಿತಿ, ಮಾಡಿದರೆ ಸೊನ್ನೆ. ನಿಮ್ಮ ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ, ಅಂದರೆ ನಿಮ್ಮ ಕಾರಿಗೇ ಆಗುವ ಹಾನಿಯ ಭಾಗ, ರಿಯಾಯಿತಿಗೆ ಮುಂಚೆ 10,000 ಇದ್ದರೆ (ಬೇರೆಯವರಿಗಾಗುವ ಹಾನಿಯ ಥರ್ಡ್ ಪಾರ್ಟಿ ಭಾಗಕ್ಕೆ ಈ ರಿಯಾಯಿತಿ ಇಲ್ಲ, ಅದನ್ನು ಸೇರಿಸಬೇಡಿ) ಒಂದೇ ವರ್ಷಕ್ಕೆ 4,500 ಹೋಯಿತು, ಆಮೇಲೆ ಮತ್ತೆ 20%ರಿಂದ ಹತ್ತಬೇಕು. ಬೋನಸ್ ಉಳಿಸುವ ಆ್ಯಡ್-ಆನ್ ತಗೊಂಡಿದ್ದರೆ ಮಾತು ಬೇರೆ, ಪಾಲಿಸಿ ತೆಗೆದು ನೋಡಿ.

ಆದರೆ ಸುಮ್ನೆ ಪೇಂಟ್ ಹೊಡೆಸಿಬಿಡಬೇಡಿ. ಮೊದಲು ಬಂಪರ್ ಬಿಚ್ಚಿಸಿ, ಹಿಂದೆ ರೇಡಿಯೇಟರ್, ಫಾಗ್ ಲ್ಯಾಂಪಿನ ವೈರು ಸರಿ ಇದೆಯಾ ನೋಡಿಸಿ. ನಮ್ಮ ಮಳೆ, ಮಂಜಲ್ಲಿ ಆ ದೀಪ ಬೇಕೇ ಬೇಕು ಅಲ್ವಾ. ರೇಡಿಯೇಟರ್‌ಗೇ ಪೆಟ್ಟಾಗಿದ್ದರೆ ಬಿಲ್ ಜಾಸ್ತಿ ಆಗುತ್ತದೆ, ಆಗ ಕ್ಲೇಮ್ ಮಾಡಿ. ಹಾಗಾಗಿ ಈಗಲೇ ಫೋಟೋ ತೆಗೆದಿಟ್ಟುಕೊಳ್ಳಿ, ಬಿಚ್ಚಿಸುವುದನ್ನು ತಡ ಮಾಡಬೇಡಿ, ಕ್ಲೇಮ್ ಮಾಡುವುದಾದರೆ ರಿಪೇರಿಗೆ ಕೈ ಹಾಕುವ ಮೊದಲೇ ವಿಮಾ ಕಂಪನಿಗೆ ತಿಳಿಸಿ.