ರೋಯಿಂಗ್ ಮಷೀನ್ ಮಾಡಿದರೆ ಕತ್ತು ಹಿಡಿದುಕೊಳ್ಳುತ್ತದೆ, ಕತ್ತಿಗೆ ವ್ಯಾಯಾಮ ಮಾಡಿದರೆ ಸರಿಹೋಗುತ್ತದಾ?

ವ್ಯಾಯಾಮದಿಂದ ಉಪಯೋಗ ಖಂಡಿತ ಇದೆ. ಆದರೆ ಹದಿನೈದು ನಿಮಿಷ ದಾಟುತ್ತಿದ್ದಂತೆ ಕತ್ತಿನ ಎರಡೂ ಪಕ್ಕ ಬಿಗಿಯುತ್ತದೆ, ಮಾರನೇ ದಿನ ಕತ್ತು ತಿರುಗಿಸುವುದೇ ಕಷ್ಟ ಎಂದು ಬರೆದಿದ್ದೀರಿ. ಅದನ್ನು ಓದಿದರೆ, ಮೊದಲು ಸರಿಮಾಡಿಕೊಳ್ಳಬೇಕಾದ್ದು ಎಳೆಯುವ ರೀತಿ ಅನ್ನಿಸುತ್ತದೆ. ಜಾರುವ ಸೀಟಿನಲ್ಲಿ ಕೂತು, ಕಾಲಿನಿಂದ ತಳ್ಳುತ್ತಾ, ದೋಣಿಗೆ ಹುಟ್ಟು ಹಾಕುವಂತೆ ಹ್ಯಾಂಡಲ್ ಎಳೆಯುವ ಈ ಮಷೀನನ್ನು ಹೊಸಬರಿಗೆ ಹೇಳಿಕೊಡುವುದು ನನ್ನ ಕೆಲಸ. ಕತ್ತು ನೋವು ಅಂತ ಬರುವವರಲ್ಲಿ ಹೆಚ್ಚಿನವರು ಕಾಲಿನ ಕೆಲಸವನ್ನು ಹೆಗಲಿಗೆ ಹೊರಿಸಿರುತ್ತಾರೆ. ಅದು ಹಾಗೇ ಇರುವಾಗ ಕತ್ತನ್ನು ಎಷ್ಟು ಗಟ್ಟಿ ಮಾಡಿಕೊಂಡರೂ ನೋವು ತಿರುಗಿ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೋವು ಕೈಗೆ ಇಳಿಯುತ್ತಿದ್ದರೆ, ಬೆರಳು ಜುಮ್ಮೆನ್ನುತ್ತಿದ್ದರೆ, ಕೈಯ ಹಿಡಿತ ಸಡಿಲವಾಗಿದ್ದರೆ, ನಡೆಯುವಾಗ ತೂರಾಡಿದಂತಾದರೆ, ಎಂದೂ ಇಲ್ಲದಂಥ ತಲೆನೋವು ಹಠಾತ್ತಾಗಿ ಬಂದರೆ ಅಥವಾ ಬಿದ್ದು ಪೆಟ್ಟಾದ ಮೇಲೆ ಇದೆಲ್ಲ ಶುರುವಾಗಿದ್ದರೆ, ಕೆಳಗೆ ಬರೆದಿರುವ ಯಾವುದನ್ನೂ ಮಾಡಬೇಡಿ. ಮೊದಲು ಡಾಕ್ಟರಿಗೆ ತೋರಿಸಿ.

ತರಬೇತುದಾರರು ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ ಒಂದು ಎಳೆತದ ಬಲದಲ್ಲಿ ನೂರಕ್ಕೆ ಸುಮಾರು 60 ಪಾಲು ಕಾಲಿನದು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸೊಂಟ, ಬೆನ್ನಿನದು. ಕೈಯದು ಕೊನೆಯಲ್ಲಿ ಸ್ವಲ್ಪ. ಕಾಲು ಪೂರ್ತಿ ಚಾಚುವ ಮುಂಚೆಯೇ ಮೊಣಕೈ ಮಡಚಿದರೆ ಅಷ್ಟೂ ಭಾರವನ್ನು ಹೆಗಲು ತಡೆಯಬೇಕಾಗುತ್ತದೆ. ಟ್ರಪೀಜಿಯಸ್ ಸ್ನಾಯುವಿನ ಮೇಲ್ಭಾಗ ತಲೆಬುರುಡೆಯ ಬುಡದಿಂದ, ಕತ್ತಿನ ಹಿಂಬದಿಯಿಂದ ಹೊರಟು ಕೊರಳೆಲುಬಿನ ಹೊರತುದಿಗೆ ಸೇರುತ್ತದೆ. ಹೆಗಲು ಮೇಲೆ ಹೋದ ಪ್ರತಿ ಸಲವೂ ಅದು ಬಿಗಿಯುತ್ತದೆ. ನಿಮಿಷಕ್ಕೆ 24 ಎಳೆತ ಅಂದುಕೊಂಡರೂ ಹದಿನೈದು ನಿಮಿಷಕ್ಕೆ 360 ಸಲ ಆಯಿತು.

ಇದನ್ನು ಪತ್ತೆ ಮಾಡಲು ಮೊಬೈಲು ಸಾಕು. ಮಷೀನಿನ ಪಕ್ಕದಲ್ಲಿ ಎದೆಯ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿ. ಶುರುವಿನದು ಬೇಡ, ಆಗ ಎಲ್ಲರೂ ಚೆನ್ನಾಗಿಯೇ ಎಳೆಯುತ್ತಾರೆ; ಸುಸ್ತಾದ ಮೇಲಿನ ಎರಡು ನಿಮಿಷ ಬೇಕು. ಆಮೇಲೆ ನಿಧಾನಗತಿಯಲ್ಲಿ ಹಾಕಿಕೊಂಡು ಕಿವಿಗೂ ಹೆಗಲಿಗೂ ನಡುವಿನ ಜಾಗವನ್ನೇ ನೋಡಿ. ಹ್ಯಾಂಡಲ್ ಹೊಟ್ಟೆಯ ಕಡೆಗೆ ಬರುವಾಗ ಆ ಜಾಗ ಕಿರಿದಾಗುತ್ತಿದೆಯಾ? ಹ್ಯಾಂಡಲ್ ಎಲ್ಲಿಗೆ ಬಂದು ನಿಲ್ಲುತ್ತಿದೆ? ಅದು ಎದೆಯ ಕೆಳಗೆ, ಪಕ್ಕೆಲುಬುಗಳು ಮುಗಿಯುವಲ್ಲಿಗೆ ಬರಬೇಕು, ಮಣಿಕಟ್ಟು ನೇರವಾಗಿರಬೇಕು. ಕೊರಳಿನ ಕಡೆಗೆ ಬರುತ್ತಿದ್ದರೆ ಹೆಗಲು ಎದ್ದೇ ಏಳುತ್ತದೆ. ಎಳೆತ ಮುಗಿಯುವಾಗ ಎಷ್ಟು ಹಿಂದಕ್ಕೆ ವಾಲುತ್ತೀರಿ ಅನ್ನುವುದನ್ನೂ ಗಮನಿಸಿ. ತಲೆಯ ತೂಕ ಸುಮಾರು 5 ಕಿಲೋ. ತುಂಬಾ ವಾಲಿದರೆ ಅದನ್ನು ಬೀಳದಂತೆ ಹಿಡಿಯುವ ಕೆಲಸ ಕತ್ತಿನ ಮುಂಭಾಗದ ಸ್ನಾಯುಗಳ ಮೇಲೆ ಬೀಳುತ್ತದೆ. ನೇರವಾಗಿ ಕೂತದ್ದಕ್ಕಿಂತ ಸ್ವಲ್ಪವೇ ಹಿಂದೆ ಹೋದರೆ ಸಾಕು.

ಮಾನಿಟರ್ ಕೂಡ ಕತ್ತಿಗೆ ತೊಂದರೆ ಕೊಡುತ್ತದೆ. ಮುಂದೆ ಬಾಗುವಾಗ ಬೆನ್ನು ಗೂನಾಗಿ, ಕಣ್ಣು ಮಾತ್ರ ಸ್ಕ್ರೀನಿನ ಮೇಲೇ ಇದ್ದರೆ ಗದ್ದ ಮುಂದಕ್ಕೆ ಚಾಚಿ ಕತ್ತಿನ ಬುಡ ಮಡಚಿಕೊಳ್ಳುತ್ತದೆ. ಸ್ಕ್ರೀನನ್ನು ಕಣ್ಣಿನ ಎತ್ತರಕ್ಕೆ ತನ್ನಿ, ಪ್ರತಿ ಎಳೆತಕ್ಕೂ ಅಂಕಿ ನೋಡುವುದನ್ನು ಬಿಡಿ. ಗಾಳಿಯ ಫ್ಯಾನ್ ಇರುವ ಮಷೀನಾದರೆ ಡ್ಯಾಂಪರ್ (ಫ್ಯಾನಿಗೆ ಎಷ್ಟು ಗಾಳಿ ಹೋಗಬೇಕು ಅಂತ ಹೊಂದಿಸುವ ಹಿಡಿಕೆ) 10ರಲ್ಲಿ ಇಡಬೇಡಿ, 3ರಿಂದ 5 ಧಾರಾಳ. ಹೆಚ್ಚು ಶ್ರಮ ಬೇಕಿದ್ದರೆ ಕಾಲಿನಿಂದ ಜೋರಾಗಿ ತಳ್ಳಿ. ಹ್ಯಾಂಡಲನ್ನು ಬೆರಳಿನ ಕೊಕ್ಕೆಯಲ್ಲಿ ಹಿಡಿಯಿರಿ, ಮುಷ್ಟಿ ಬಿಗಿಯಬೇಡಿ. ತಳ್ಳುವಾಗ ಉಸಿರು ಬಿಡಿ.

ಇನ್ನು ನೀವು ಕೇಳಿದ ವ್ಯಾಯಾಮ. ನಾನು ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ನೋಡಲು ಏನೂ ಅಲ್ಲ ಅನ್ನಿಸುವಂಥದ್ದು. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆ ನೆಲದಿಂದ ಏಳದಂತೆ 'ಹೌದು' ಅನ್ನುವ ಹಾಗೆ ಗದ್ದವನ್ನು ನವಿರಾಗಿ ಕೆಳಕ್ಕೆ ತಂದು 10 ಸೆಕೆಂಡ್ ಹಿಡಿಯಿರಿ. ಉಸಿರಾಟ ನಡೆಯುತ್ತಿರಲಿ. ಇಂಥವು ಹತ್ತು. ಎರಡು ಬೆರಳನ್ನು ಕತ್ತಿನ ಪಕ್ಕದಲ್ಲಿ ಇಟ್ಟುಕೊಳ್ಳಿ: ಅಲ್ಲಿನ ಹಗ್ಗದಂಥ ಸ್ನಾಯು ಉಬ್ಬಿ ಗಟ್ಟಿಯಾದರೆ ಬಲ ಜಾಸ್ತಿಯಾಯಿತು ಅಂತ ಅರ್ಥ, ಕಡಿಮೆ ಮಾಡಿ. ಕೆಲಸ ಮಾಡಬೇಕಾದವು ಬೆನ್ನುಮೂಳೆಗೆ ಅಂಟಿಕೊಂಡ ಒಳಗಿನ ಸ್ನಾಯುಗಳು, ಅವಕ್ಕೆ ಇಷ್ಟೇ ಸಾಕು. ಇದು ಸಲೀಸಾದ ಮೇಲೆ ಅಂಗೈಯನ್ನು ಹಣೆಗೆ, ತಲೆಯ ಹಿಂದಕ್ಕೆ, ಎರಡು ಪಕ್ಕಕ್ಕೆ ಒಂದೊಂದಾಗಿ ಒತ್ತಿ, ತಲೆ ಕದಲದಂತೆ 5ರಿಂದ 10 ಸೆಕೆಂಡ್ ತಡೆಯಿರಿ. ಪೂರ್ತಿ ಶಕ್ತಿ ಬೇಡ, ಕಾಲು ಭಾಗ ಸಾಕು. ತಲೆಗೆ ಪಟ್ಟಿ ಕಟ್ಟಿ ತೂಕ ಎತ್ತುವ ವ್ಯಾಯಾಮದ ವಿಡಿಯೋಗಳನ್ನು ಈಗ ಅನುಸರಿಸಬೇಡಿ, ನೋವಿರುವ ಕತ್ತಿಗೆ ಅವು ಸಲ್ಲ.

ಕತ್ತಿನಷ್ಟೇ ಮುಖ್ಯ ಅದರ ಕೆಳಗಿನ ಭಾಗ. ರಬ್ಬರ್ ಬ್ಯಾಂಡ್ ಹಿಡಿದು ಹೆಗಲು ಏಳದಂತೆ ಮೊಣಕೈಯನ್ನು ಹಿಂದಕ್ಕೆ ಎಳೆಯುವುದು, ಬೋರಲು ಮಲಗಿ ಕೈಗಳನ್ನು ಓರೆಯಾಗಿ ಮುಂದಕ್ಕೆ ಚಾಚಿ ಮೇಲೆತ್ತುವುದು, ಇವೆರಡನ್ನು ವಾರಕ್ಕೆ ಮೂರು ದಿನ ಮಾಡಿದರೆ ಹೆಗಲನ್ನು ಕೆಳಗೆ ಹಿಡಿದಿಡುವ ಸ್ನಾಯುಗಳು ಗಟ್ಟಿಯಾಗುತ್ತವೆ. ಫಲ ಕಾಣಲು ಕೆಲವು ವಾರಗಳೇ ಬೇಕು, ಅಲ್ಲಿಯವರೆಗೆ ಬಿಡಬೇಡಿ.

ಮಷೀನನ್ನು ಕಾಯಂ ಆಗಿ ಬಿಡಬೇಕಿಲ್ಲ. ಕತ್ತು ತಿರುಗಿಸಿದಾಗ ಚುಚ್ಚುವ ನೋವು ಹೋಗುವವರೆಗೆ ಮಾತ್ರ ಬಿಟ್ಟಿರಿ. ಆಮೇಲೆ ನಿಮಿಷಕ್ಕೆ 18ರಿಂದ 20 ಎಳೆತದ ನಿಧಾನದಲ್ಲಿ ಐದೈದು ನಿಮಿಷ ಮಾಡಿ, ನಡುವೆ ಇಳಿದು ಓಡಾಡಿ. ಪ್ರತಿ ಸಲ ಮೊದಲ ಒಂದು ನಿಮಿಷ ಕೈ ನೇರವಾಗಿಯೇ ಇಟ್ಟು ಬರೀ ಕಾಲಿನಿಂದ ತಳ್ಳಿ. ಆಗ ಹೆಗಲು ಎಲ್ಲಿರುತ್ತದೋ, ಕೈ ಸೇರಿಸಿಕೊಂಡ ಮೇಲೂ ಅಲ್ಲೇ ಇರಬೇಕು. ಅದು ಮೇಲೇರಲು ಶುರುವಾದ ನಿಮಿಷಕ್ಕೆ ಅವತ್ತಿನ ಎಳೆತ ನಿಲ್ಲಿಸಿ.