ಹಳೆಯ ಮಿಯಾಟಾಗೆ ಟರ್ಬೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಾಜ್ಡಾ ಎಂಎಕ್ಸ್-5 ಮಿಯಾಟಾ ಕಾರಿನ ಮೊದಲ ತಲೆಮಾರಿನ 1.6 ಲೀಟರ್ ಇಂಜಿನ್‌ಗೆ ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ಒತ್ತುವ ಪಂಖ) ಕೂರಿಸುವ ಬಗ್ಗೆ ಹೊರದೇಶಗಳಲ್ಲಿರುವ ಕನ್ನಡಿಗರಿಂದ ಹಲವು ಪತ್ರಗಳು ಬಂದಿವೆ. ಒಂದೇ ವಿಷಯದವನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನನ್ನದು 1990ರ ಮಿಯಾಟಾ. 1.9 ಲಕ್ಷ ಕಿ.ಮೀ. ಓಡಿದೆ. ಟರ್ಬೊ ಕಿಟ್ ಕೊಂಡು ಇಟ್ಟುಕೊಂಡಿದ್ದೇನೆ. ಕೆಲಸ ಎಲ್ಲಿಂದ ಶುರು ಮಾಡಲಿ? – ಡಾಲಸ್‌ನ ಓದುಗರು

ಕಿಟ್‌ನ ಪೆಟ್ಟಿಗೆ ಸದ್ಯಕ್ಕೆ ಮೂಲೆಯಲ್ಲೇ ಇರಲಿ. ಮೊದಲು ಇಂಜಿನ್‌ನ ಆರೋಗ್ಯ ನೋಡಿ. ಇಂಜಿನ್ ಬಿಸಿಯಾಗಿರುವಾಗ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕಂಪ್ರೆಶನ್ ಅಳೆಯಿರಿ. ಒಳ್ಳೆಯ ಸ್ಥಿತಿಯ 1.6 ಇಂಜಿನ್ 13 ಬಾರ್ ಆಸುಪಾಸು ತೋರಿಸುತ್ತದೆ. ಅಂಕಿಗಿಂತ ಮುಖ್ಯವಾದದ್ದು ಸಮತೆ: ನಾಲ್ಕು ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ವ್ಯತ್ಯಾಸ ಕಂಡರೆ ಲೀಕ್-ಡೌನ್ ಪರೀಕ್ಷೆ ಮಾಡಿಸಿ, ಅಂದರೆ ಸಿಲಿಂಡರ್‌ಗೆ ಗಾಳಿ ತುಂಬಿ ಅದು ಎಲ್ಲಿ ಸೋರುತ್ತದೆ ಎಂದು ನೋಡುವುದು. ಗಾಳಿ ಸೈಲೆನ್ಸರ್‌ನಲ್ಲಿ ಬುಸುಗುಟ್ಟಿದರೆ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ, ಆಯಿಲ್ ಹಾಕುವ ಬಾಯಲ್ಲಿ ಬಂದರೆ ರಿಂಗ್ ಸವೆದಿದೆ, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇದರಲ್ಲಿ ಯಾವುದೊಂದು ಇದ್ದರೂ ಟರ್ಬೊ ಮುಂದಿನ ಮಾತು.

ಮಾಡೆಲ್ 1990 ಆಗಿರುವುದರಿಂದ ಇನ್ನೊಂದನ್ನು ತಪ್ಪದೆ ನೋಡಲೇಬೇಕು. ಕ್ರ್ಯಾಂಕ್‌ಶಾಫ್ಟ್ ಪುಲ್ಲಿಯ ಮಧ್ಯದ ಬೋಲ್ಟ್ ಸುತ್ತ ಇರುವ ಸೀಳುಗಳನ್ನು ಎಣಿಸಿ. ನಾಲ್ಕಿದ್ದರೆ ನಿಮ್ಮದು ಗಿಡ್ಡ ಮೂಗಿನ ಕ್ರ್ಯಾಂಕ್, ಎಂಟಿದ್ದರೆ ಉದ್ದ ಮೂಗಿನದು (ಮೂಗು ಅಂದರೆ ಪುಲ್ಲಿ ಕೂರುವ ಮುಂದಿನ ತುದಿ). 1991ರ ಮೊದಲ ಭಾಗದವರೆಗೆ ಬಂದ ಗಿಡ್ಡ ಮೂಗಿನ ಕ್ರ್ಯಾಂಕ್‌ನಲ್ಲಿ ಟೈಮಿಂಗ್ ಪುಲ್ಲಿಯ ಕೀ ಕೂರುವ ತೋಡು ಸವೆದು ಪುಲ್ಲಿ ಅಲುಗಾಡತೊಡಗುತ್ತದೆ. ಅಲುಗಿದರೆ ಇಗ್ನಿಷನ್ ಟೈಮಿಂಗ್ ತಾನಾಗಿಯೇ ಜರುಗುತ್ತದೆ. ಸಾದಾ ಇಂಜಿನ್‌ನಲ್ಲಿ ಇದು ಪಿಕಪ್ ಕಡಿಮೆಯಾಗುವ ತೊಂದರೆ. ಬೂಸ್ಟ್ (ಟರ್ಬೊ ಒತ್ತುವ ಹೆಚ್ಚುವರಿ ಗಾಳಿಯ ಒತ್ತಡ) ಇದ್ದಾಗ ಪಿಸ್ಟನ್ನೇ ಹೋಗಬಹುದು. ಇಂಜಿನ್ ಐಡಲ್‌ನಲ್ಲಿದ್ದಾಗ ಪಕ್ಕದಿಂದ ಪುಲ್ಲಿಯನ್ನೇ ದಿಟ್ಟಿಸಿ; ತುಸು ಓಲಾಡುವುದು ಕಂಡರೂ ಕ್ರ್ಯಾಂಕ್ ರಿಪೇರಿ ಆಗುವವರೆಗೆ ಟರ್ಬೊ ಬೇಡ.

ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ರೇಡಿಯೇಟರ್ ಹಳೆಯವಾದರೆ ಈಗಲೇ ಬದಲಿಸಿ. ರೇಡಿಯೇಟರ್‌ನ ಪ್ಲಾಸ್ಟಿಕ್ ತಲೆ ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ಒಡೆಯುವ ಕಾಲ ಬಂದಿದೆ ಎಂದೇ ಅರ್ಥ. ಈ ಇಂಜಿನ್ ಮೂಲತಃ ಮಾಜ್ಡಾದ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಅಡ್ಡಲಾಗಿ ಕೂತಿದ್ದ ಕುಟುಂಬದ್ದು. ಮಿಯಾಟಾಗಾಗಿ ಉದ್ದಕ್ಕೆ ತಿರುಗಿಸಿದಾಗ, ಬಿಸಿ ನೀರನ್ನು ರೇಡಿಯೇಟರ್‌ಗೆ ಬಿಡುವ ಥರ್ಮೋಸ್ಟಾಟನ್ನು ಹೆಡ್‌ನ ಹಿಂದಿನಿಂದ ಮುಂದಕ್ಕೆ ತಂದರು. ಪಂಪ್ ಇರುವುದೂ ಮುಂದೆಯೇ. ಹಾಗಾಗಿ ನೀರು ಮುಂದೆ ಒಳಹೊಕ್ಕು ಬಹುಪಾಲು ಮುಂದೆಯೇ ಹೊರಬೀಳುತ್ತದೆ, ಹಿಂದಿನ ನಾಲ್ಕನೇ ಸಿಲಿಂಡರ್‌ಗೆ ಹರಿವು ಕಡಿಮೆ. ಟೆಕ್ಸಸ್‌ನಂಥ ಬಿಸಿಲಿನಲ್ಲಿ ಥರ್ಮೋಸ್ಟಾಟನ್ನು ಮತ್ತೆ ಹಿಂದಕ್ಕೆ ಒಯ್ಯುವ ಕಿಟ್‌ಗೆ ಹಾಕಿದ ಹಣ ನಷ್ಟವಾಗುವುದಿಲ್ಲ.

ಪ್ರಶ್ನೆ: ಕಾರಿನ ಮೂಲ ಕಂಪ್ಯೂಟರ್ ಇಟ್ಟುಕೊಂಡು, ಬೂಸ್ಟ್ ಏರಿದಂತೆ ಪೆಟ್ರೋಲ್ ಒತ್ತಡ ಏರಿಸುವ ರೆಗ್ಯುಲೇಟರ್ ಹಾಕಿದರೆ ಸಾಲದೇ? 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬೂಸ್ಟ್ ಮಾತ್ರ ಬೇಕಿರುವುದು. – ಸ್ಯಾನ್ ಹೋಸೆಯ ಓದುಗರು

1990ರ ದಶಕದ ಕಿಟ್‌ಗಳು ಹಾಗೆಯೇ ಇದ್ದವು, ಓಡಿಯೂ ಓಡಿದವು. ಇಂದು ನಾವು ಅದನ್ನು ಹೇಳುವುದಿಲ್ಲ. ಕಾರಣ ಲೆಕ್ಕದಲ್ಲಿದೆ. ಇಂಜೆಕ್ಟರ್‌ನಿಂದ ಬರುವ ಪೆಟ್ರೋಲ್ ಒತ್ತಡದ ವರ್ಗಮೂಲದಂತೆ ಏರುತ್ತದೆ: ಒತ್ತಡ ನಾಲ್ಕು ಪಟ್ಟಾದರೆ ಪೆಟ್ರೋಲ್ ಎರಡೇ ಪಟ್ಟು. ಅಷ್ಟು ಒತ್ತಡಕ್ಕೆ ಮುವ್ವತ್ತು ವರ್ಷದ ಪಂಪ್ ಏದುಸಿರು ಬಿಡುತ್ತದೆ, ಹಳೆಯ ರಬ್ಬರ್ ಹೋಸ್ ಬಿರಿಯುತ್ತದೆ. ಜೊತೆಗೆ 1.6ರಲ್ಲಿ ಗಾಳಿ ಅಳೆಯುವುದು ಒಂದು ಬಾಗಿಲಿನಂಥ ಫ್ಲಾಪ್. ಅದು ಪೂರ್ತಿ ತೆರೆದ ಮೇಲೆ ಎಷ್ಟೇ ಗಾಳಿ ನುಗ್ಗಿದರೂ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ.

ಪೆಟ್ರೋಲ್ ಎಷ್ಟು ಬೇಕು ಎಂದು ನೀವೇ ಲೆಕ್ಕ ಹಾಕಿ. ಮೂಲದಲ್ಲಿ ಈ ಇಂಜಿನ್‌ಗೆ 116 ಅಶ್ವಶಕ್ತಿ. ಗುರಿ 180 ಎಂದಿಟ್ಟುಕೊಳ್ಳಿ. ಟರ್ಬೊ ಇಂಜಿನ್‌ಗೆ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಬೇಕು. 180ಕ್ಕೆ 49 ಕೆ.ಜಿ. ಆಯಿತು. ನಾಲ್ಕು ಇಂಜೆಕ್ಟರ್‌ಗೆ ಹಂಚಿದರೆ ತಲಾ 12 ಕೆ.ಜಿ. ಚಿಲ್ಲರೆ. ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು, ಆ ಅಂತರ ಸೇರಿಸಿದರೆ 15 ಕೆ.ಜಿ., ಅಂದರೆ ನಿಮಿಷಕ್ಕೆ ಸುಮಾರು 350 ಸಿಸಿ. ಮೂಲ ಇಂಜೆಕ್ಟರ್ 210 ಸಿಸಿ ಆಸುಪಾಸಿನದು. ಕೊರತೆ ಕಣ್ಣಿಗೆ ಕಾಣುತ್ತಿದೆ. 400ರಿಂದ 440 ಸಿಸಿಯ ಇಂಜೆಕ್ಟರ್, ಗಂಟೆಗೆ 190 ಲೀಟರಿನ ಪಂಪ್, ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮತ್ತು ಮೆಗಾಸ್ಕ್ವರ್ಟ್‌ನಂಥ ಪ್ರೋಗ್ರಾಂ ಮಾಡಬಹುದಾದ ಕಂಪ್ಯೂಟರ್ ಹಾಕಿಸಿ. ಫ್ಲಾಪ್ ಮೀಟರನ್ನು ತೆಗೆದು ಪಕ್ಕಕ್ಕಿಡಿ.

ಟ್ಯೂನಿಂಗ್‌ನಲ್ಲಿ ಬೂಸ್ಟ್ ಇರುವಾಗ ಗಾಳಿ–ಪೆಟ್ರೋಲ್ ಅನುಪಾತ 11.5ರಿಂದ 12ರ ನಡುವೆ ಇರಲಿ. ಸ್ಪಾರ್ಕ್ ಟೈಮಿಂಗನ್ನು ಆರಂಭದಲ್ಲಿ ಪ್ರತಿ ಪಿಎಸ್‌ಐಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ತನ್ನಿ, ಆಮೇಲೆ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ನಿಧಾನವಾಗಿ ತಿದ್ದಿ. ಕಂಪ್ಯೂಟರ್ ತೋರಿಸುವ ಡಿಗ್ರಿಯೂ ಪುಲ್ಲಿಯ ಮೇಲೆ ಟೈಮಿಂಗ್ ಲೈಟ್ ತೋರಿಸುವ ಡಿಗ್ರಿಯೂ ಒಂದೇ ಆಗಿವೆಯೇ ಎಂದು ಎಲ್ಲಕ್ಕಿಂತ ಮುಂಚೆ ತಾಳೆ ನೋಡಿ. ಇಲ್ಲಿ ಐದು ಡಿಗ್ರಿ ತಪ್ಪಿದರೆ ಉಳಿದ ಟ್ಯೂನಿಂಗ್ ಎಲ್ಲ ವ್ಯರ್ಥ. ಮ್ಯಾಪ್ ಸೆನ್ಸರ್‌ನಲ್ಲಿ ಗುರಿ 145 ಕಿಲೋಪಾಸ್ಕಲ್ (ಹೊರಗಿನ ಗಾಳಿಯ 100 ಸೇರಿ, ಅಂದರೆ ಸುಮಾರು 6 ಪಿಎಸ್‌ಐ ಬೂಸ್ಟ್) ಇದ್ದರೆ 165 ದಾಟಿದೊಡನೆ ಪೆಟ್ರೋಲ್ ನಿಲ್ಲುವಂತೆ ಕಟ್ ಇಡಿ. ವೇಸ್ಟ್‌ಗೇಟ್‌ನ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಕವಾಟ) ಹೋಸ್ ಕಳಚಿದ ದಿನ ಇಂಜಿನ್ ಉಳಿಸುವುದು ಆ ಒಂದು ಕಟ್. ಪ್ಲಗ್ ಒಂದು ದರ್ಜೆ ತಣ್ಣಗಿನದು, ಎನ್‌ಜಿಕೆ ಬಿಕೆಆರ್7ಇ, ಅಂತರ 0.7ರಿಂದ 0.8 ಮಿ.ಮೀ. ಮೂಲದ 1.1 ಮಿ.ಮೀ. ಅಂತರ ಬಿಟ್ಟರೆ ಬೂಸ್ಟ್‌ನಲ್ಲಿ ಕಿಡಿ ಆರಿಹೋಗಿ ಇಂಜಿನ್ ಮುಗ್ಗರಿಸುತ್ತದೆ.

ಈ ಇಂಜಿನ್‌ನ ಕಂಪ್ರೆಶನ್ ಅನುಪಾತ 9.4. ಟರ್ಬೊಗೆ ಇದು ಸ್ವಲ್ಪ ಹೆಚ್ಚೇ. ಮಿಶ್ರಣ ಬಡವಾದರೆ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದಿದ್ದರೆ), ಬಿಸಿಯಾದರೆ, ಕಿಡಿ ಬೇಗ ಬಂದರೆ ಸಿಲಿಂಡರ್‌ನ ಅಂಚಿನ ಅನಿಲ ತಾನಾಗಿ ಹೊತ್ತಿ ಸಿಡಿಯುತ್ತದೆ. ಅದೇ ನಾಕ್. ಮೊದಲ ಮತ್ತು ಎರಡನೇ ರಿಂಗ್ ನಡುವಿನ ಪಿಸ್ಟನ್ ಅಂಚು ಮುರಿಯುವುದು ಅದರಿಂದಲೇ. ಜೋರು ಓಟದ ನಂತರ ಪ್ಲಗ್ ಬಿಚ್ಚಿ, ಅದರ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದರೆ ನಾಕ್ ಶುರುವಾಗಿದೆ. ಬೆಳ್ಳಿಯಂತೆ ಮಿನುಗುವ ಕಣಗಳಿದ್ದರೆ ಅದು ಪಿಸ್ಟನ್‌ನಿಂದ ಕಿತ್ತುಬಂದ ಅಲ್ಯೂಮಿನಿಯಂ, ಕಾರು ಅಲ್ಲೇ ನಿಲ್ಲಲಿ.

ಕ್ಯಾಲಿಫೋರ್ನಿಯಾದಲ್ಲಿರುವ ನಿಮಗೆ ಇನ್ನೊಂದು ಮಾತು. ಅಲ್ಲಿ 1976 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ಬಾನೆಟ್ ತೆರೆದು ನೋಡುತ್ತಾರೆ. ಕಿಟ್‌ಗೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಿದ್ದರೂ ಪಾಸಾಗುವುದಿಲ್ಲ. ಕೊಳ್ಳುವ ಮೊದಲೇ ಆ ಸಂಖ್ಯೆ ಕೇಳಿ, ನಿಮ್ಮ ವರ್ಷದ ಕಾರಿಗೆ ಅದು ಅನ್ವಯಿಸುತ್ತದೆಯೇ ಎಂದೂ ಕೇಳಿ.

ಪ್ರಶ್ನೆ: ಕಡಿಮೆ ಬೂಸ್ಟ್‌ಗೆ ಇಂಟರ್‌ಕೂಲರ್ ಬೇಕೇ? ಗೇರ್‌ಬಾಕ್ಸ್, ಕ್ಲಚ್ ತಡೆಯುತ್ತವೆಯೇ? – ಟೊರಾಂಟೊದ ಓದುಗರು

ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕು. ಗಾಳಿ 30 ಡಿಗ್ರಿ ಇದ್ದಾಗ 6 ಪಿಎಸ್‌ಐಗೆ ಒತ್ತಿದರೆ, ಶೇ. 70 ದಕ್ಷತೆಯ ಕಂಪ್ರೆಸರ್‌ನಿಂದ ಅದು 75 ಡಿಗ್ರಿಯಾಗಿ ಹೊರಬರುತ್ತದೆ. 10 ಪಿಎಸ್‌ಐಗೆ 100 ಡಿಗ್ರಿ. ಚಿಕ್ಕ ಇಂಟರ್‌ಕೂಲರ್ ಆದರೂ ಸರಿ, ರೇಡಿಯೇಟರ್ ಮುಂದೆ ಕೂರಿಸಿ, ಪಕ್ಕಗಳ ಸಂದು ಮುಚ್ಚಿ, ಗಾಳಿ ಅದರ ಮೂಲಕವೇ ಹಾಯುವಂತೆ ಮಾಡಿ. ಪೈಪ್ ತುದಿಗಳಿಗೆ ಉಬ್ಬು ಅಂಚು ಮಾಡಿಸದಿದ್ದರೆ ಮೊದಲ ಜೋರು ಓಟದಲ್ಲೇ ಸಿಲಿಕಾನ್ ಹೋಸ್ ಕಿತ್ತುಬರುತ್ತದೆ.

ಮೂಲ ಕ್ಲಚ್ 200 ಮಿ.ಮೀ.ನದು, ಜಾರುತ್ತದೆ. 1994ರ ನಂತರದ 1.8 ಕಾರಿನ 215 ಮಿ.ಮೀ. ಕ್ಲಚ್ ಅನ್ನು ಅದರ ಫ್ಲೈವೀಲ್ ಸಮೇತ ಹಾಕಬಹುದು. ಎಲ್ಲಕ್ಕಿಂತ ದುರ್ಬಲವಾದದ್ದು 1.6ರ ಚಿಕ್ಕ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್). ಕ್ಲಚ್ ರಪ್ಪನೆ ಬಿಟ್ಟು ಕಾರು ಎಬ್ಬಿಸುವ ಅಭ್ಯಾಸವಿದ್ದರೆ 1.8ರದ್ದನ್ನು ಆಕ್ಸಲ್ ಸಮೇತ ಹುಡುಕಿಟ್ಟುಕೊಳ್ಳಿ. ಐದು ಗೇರಿನ ಪೆಟ್ಟಿಗೆ 180 ಅಶ್ವಶಕ್ತಿಗೆ, ಮೃದುವಾಗಿ ಬಳಸಿದರೆ, ಬಾಳುತ್ತದೆ.

ಪ್ರಶ್ನೆ: ಟರ್ಬೊ ಕೂರಿಸಿ ಆರು ತಿಂಗಳಾಯಿತು. ಟರ್ಬೊ ಹೊತ್ತಿರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ನಟ್‌ಗಳು ಪದೇ ಪದೇ ಸಡಿಲವಾಗುತ್ತಿವೆ. ಸಿಗ್ನಲ್‌ನಲ್ಲಿ ನಿಂತಾಗ ನೀಲಿ ಹೊಗೆ. ಟರ್ಬೊ ಹೋಯಿತೇ? – ಮೆಲ್ಬರ್ನ್‌ನ ಓದುಗರು

ಎರಡೂ ಬೇರೆ ಬೇರೆ ತೊಂದರೆ, ಬಹುಶಃ ಟರ್ಬೊ ಚೆನ್ನಾಗಿಯೇ ಇದೆ.

ನಟ್ ಸಡಿಲವಾಗುವುದು ಮಿಯಾಟಾ ಟರ್ಬೊ ಮಾಡಿದವರಲ್ಲಿ ಹೆಚ್ಚಿನವರು ಕಂಡ ಕಾಟ. ಕೆಂಪಗೆ ಕಾದ ಉಕ್ಕಿನ ಸ್ಟಡ್ ಎಳೆತಕ್ಕೆ ಮೆಲ್ಲಗೆ ಉದ್ದವಾಗುತ್ತದೆ, ತಣ್ಣಗಾದಾಗ ಬಿಗಿ ಉಳಿಯುವುದಿಲ್ಲ. ಜೊತೆಗೆ ಟರ್ಬೊ ಮತ್ತು ಅದರಿಂದ ಹೊಗೆ ಒಯ್ಯುವ ಡೌನ್‌ಪೈಪ್‌ನ ಭಾರ ಅಲ್ಲೇ ಜೋತಾಡುತ್ತದೆ. ಸ್ಪ್ರಿಂಗ್ ವಾಷರ್ ಹಾಕಬೇಡಿ, ಆ ಬಿಸಿಗೆ ಅದು ಮೆತ್ತಗಾಗಿ ಸಾದಾ ವಾಷರ್ ಆಗುತ್ತದೆ. ಇಂಕೊನೆಲ್ (ಬಿಸಿ ತಡೆಯುವ ನಿಕಲ್ ಮಿಶ್ರಲೋಹ) ಸ್ಟಡ್ ಮತ್ತು ಅಂಚು ಮಡಚಿ ಲಾಕ್ ಮಾಡುವ ತಗಡು ಹಾಕಿ. ಫ್ಲ್ಯಾಂಜ್ ಮೇಲೆ ನೇರಪಟ್ಟಿ ಇಟ್ಟು ನೋಡಿ, 0.1 ಮಿ.ಮೀ. ಫೀಲರ್ ಒಳಹೊಕ್ಕರೆ ಮೇಲ್ಮೈ ಸಮ ಮಾಡಿಸಬೇಕು. ಡೌನ್‌ಪೈಪ್‌ಗೆ ಗೇರ್‌ಬಾಕ್ಸ್‌ನಿಂದ ಒಂದು ಆಧಾರ ಕಟ್ಟಿ. ಈ ಕೊನೆಯದನ್ನೇ ಹೆಚ್ಚಿನವರು ಬಿಡುತ್ತಾರೆ, ಅದಿಲ್ಲದೆ ದುಬಾರಿ ಸ್ಟಡ್ ಕೂಡ ಹೆಚ್ಚು ದಿನ ನಿಲ್ಲದು.

ಹೊಗೆಗೆ ಮೊದಲು ಆಯಿಲ್ ಇಳಿಯುವ ಹೋಸ್ ನೋಡಿ. ಟರ್ಬೊದಿಂದ ಬರುವ ಆಯಿಲ್ ನೊರೆಯಾಗಿರುತ್ತದೆ, ಅದನ್ನು ತಳ್ಳಲು ಒತ್ತಡವಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಒಳವ್ಯಾಸ ಕನಿಷ್ಠ 12.5 ಮಿ.ಮೀ. ಇರಲಿ, ಎಲ್ಲೂ ಮೇಲಕ್ಕೆ ಏರಬಾರದು, ಜೋತು ಬೀಳಬಾರದು, ಸಂಪ್‌ನಲ್ಲಿ (ಇಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಆಯಿಲ್ ಟರ್ಬೊದಲ್ಲೇ ಕಟ್ಟಿಕೊಂಡು ಸೀಲ್ ದಾಟಿ ಸೈಲೆನ್ಸರ್‌ಗೆ ಹೋಗುತ್ತದೆ. ಐಡಲ್‌ನಲ್ಲಿ ಹೊಗೆ ಬರುವುದು ಇದರ ಗುರುತು. ನಿಮ್ಮದು ಬಾಲ್ ಬೇರಿಂಗ್ ಟರ್ಬೊ ಆಗಿದ್ದರೆ ಆಯಿಲ್ ಬರುವ ಕಡೆ 1 ಮಿ.ಮೀ. ರಂಧ್ರದ ತಡೆ ಇದೆಯೇ ನೋಡಿ. ಅದಿಲ್ಲದಿದ್ದರೂ ಹೀಗೇ ಆಗುತ್ತದೆ. ಪಿಸಿವಿ ವಾಲ್ವ್ (ಇಂಜಿನ್ ಒಡಲಿನ ಅನಿಲವನ್ನು ಮತ್ತೆ ಗಾಳಿಯ ದಾರಿಗೆ ಬಿಡುವ ಕವಾಟ) ಹಳೆಯದಾಗಿ ಬೂಸ್ಟ್ ಇಂಜಿನ್ ಒಳಕ್ಕೆ ಸೋರಿದರೂ ಸಂಪ್‌ನಲ್ಲಿ ಒತ್ತಡ ಕಟ್ಟಿ ಆಯಿಲ್ ಇಳಿಯುವುದಿಲ್ಲ. ವಾಲ್ವ್‌ಗೆ ಬೂಸ್ಟ್ ಬರುವ ಕಡೆಯಿಂದ ಊದಿ ನೋಡಿ, ಗಾಳಿ ಹೋದರೆ ಹೊಸದು ಹಾಕಿ.

ಹೋಸ್ ಬದಲಿಸಿ ಮತ್ತೆ ಸ್ಟಾರ್ಟ್ ಮಾಡುವ ಮುನ್ನ ಹೆಡ್‌ನ ಹಿಂದಿರುವ ಕ್ಯಾಮ್ ಸೆನ್ಸರ್‌ನ ವೈರಿನ ಪ್ಲಗ್ ತೆಗೆಯಿರಿ. ಕಿಡಿ, ಪೆಟ್ರೋಲ್ ಎರಡೂ ನಿಲ್ಲುತ್ತವೆ. ಆಯಿಲ್ ಟರ್ಬೊ ತಲುಪುವವರೆಗೆ 10 ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆಯಿರಿ.

ಪ್ರಶ್ನೆ: ಊರಲ್ಲಿರುವ ನನ್ನ ಹಳೆಯ ಕಾರಿಗೂ ಹೀಗೆ ಮಾಡಬಹುದೇ? – ಹುಬ್ಬಳ್ಳಿಯ ಓದುಗರು

ರಸ್ತೆಯಲ್ಲಿ ಓಡಿಸುವ ಕಾರಿಗೆ ಮಾಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡು ಸಲ್ಲದು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅಪಘಾತವಾದರೆ ವಿಮೆಯವರು ಮೊದಲು ತೆಗೆಯುವ ತಕರಾರೂ ಅದೇ. ರಸ್ತೆಗಿಳಿಯದ, ರೇಸ್ ಟ್ರ್ಯಾಕ್‌ಗೆ ಮಾತ್ರ ಟ್ರೇಲರ್‌ನಲ್ಲಿ ಹೋಗುವ ಕಾರಾದರೆ ಇಂಜಿನ್‌ನ ಹೆಸರು, ವರ್ಷ, ಅದು ಕಾರ್ಬ್ಯುರೇಟರ್‌ದೋ ಇಂಜೆಕ್ಷನ್‌ದೋ ಎಂಬುದನ್ನು ಬರೆದು ಕಳುಹಿಸಿ, ಅದಕ್ಕೆ ತಕ್ಕ ಲೆಕ್ಕ ಕೊಡುತ್ತೇವೆ.