ನ್ಯೂಯಾರ್ಕ್ ಸರ್ಕಾರಿ ಶಾಲೆಗಳಲ್ಲಿ 4 ವರ್ಷದ ಮಕ್ಕಳಿಗೂ 'ಗಿಫ್ಟೆಡ್' (ಅಂದ್ರೆ ವಿಶೇಷ ಪ್ರತಿಭೆ ಇರೋ ಮಕ್ಕಳನ್ನ ಆರಿಸೋ) ಟೆಸ್ಟ್ ಇದೆಯಂತೆ, ನಿಜಾನಾ?

ಇತ್ತು, ಈಗಿಲ್ಲ. 2008ರಲ್ಲಿ ಇಡೀ ಸಿಟಿಗೆ ಒಂದೇ ಕಟಾಫ್ ತಂದ್ರು. 90ನೇ ಪರ್ಸೆಂಟೈಲ್ (ನೂರಕ್ಕೆ 90 ಮಕ್ಕಳಿಗಿಂತ ಮುಂದೆ) ಬಂದ್ರೆ ತಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ (ಸಿಟಿಯೊಳಗಿನ ಏರಿಯಾದ) ಗಿಫ್ಟೆಡ್ ಕ್ಲಾಸು, 97 ಬಂದ್ರೆ ಇಡೀ ಸಿಟಿಯ ಮಕ್ಕಳಿಗೂ ತೆರೆದಿದ್ದ ಸಿಟಿವೈಡ್ ಗಿಫ್ಟೆಡ್ ಶಾಲೆಗೆ ಅರ್ಜಿ ಹಾಕ್ಬಹುದಿತ್ತು, ಆದ್ರೆ ಆ ಥರ ಶಾಲೆ ಇದ್ದಿದ್ದೇ ಬೆರಳೆಣಿಕೆಯಷ್ಟು, ಹಾಗಾಗಿ 99 ಬಂದವ್ರಿಗೂ ಸೀಟು ಗ್ಯಾರಂಟಿ ಇರ್ಲಿಲ್ಲ.

ಎಲ್ರಿಗೂ ಒಂದೇ ಅಳತೆ ಅಂದ್ರೆ ನ್ಯಾಯ ಅನ್ಸುತ್ತೆ ಅಲ್ವಾ? ಆಗಿದ್ದು ಉಲ್ಟಾ. ದುಡ್ಡಿರೋ ಅಪ್ಪ ಅಮ್ಮ ಪ್ರಾಕ್ಟೀಸ್ ಬುಕ್ಕು, ಟ್ಯೂಟರ್ ಅಂತ ಶುರು ಹಚ್ಕೊಂಡ್ರು, ಶೂ ಲೇಸ್ ಕಟ್ಟೋಕೂ ಬರದ ಮಗುಗೆ ಪ್ಯಾಟರ್ನ್ ಪಝಲ್ ತರಬೇತಿ, ಆಕಡೆ ಬಡ ಏರಿಯಾಗಳಲ್ಲಿ ಟೆಸ್ಟ್ ಇದೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರ್ಲಿಲ್ಲ, ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಒಂದು ಕ್ಲಾಸ್ ತೆರೆಯೋವಷ್ಟು ಮಕ್ಳೂ ಪಾಸಾಗ್ತಿರ್ಲಿಲ್ಲ. ಕೋಚಿಂಗ್ ತಡೆಯೋಣ ಅಂತ 2013ರ ಹೊತ್ತಿಗೆ ಚಿತ್ರ ನೋಡಿ ಹೇಳೋ ನಾಗ್ಲಿಯೇರಿ ಟೆಸ್ಟ್ ಸೇರಿಸಿದ್ರು. ಅದಕ್ಕೂ ಕೋಚಿಂಗ್ ಬಂತು, ಇನ್ನೇನಾಗುತ್ತೆ!

2021ರ ಜನವರಿಯಲ್ಲಿ ಸಿಟಿಯ ಶಿಕ್ಷಣ ಪ್ಯಾನಲ್ ಟೆಸ್ಟಿನ ಕಾಂಟ್ರ್ಯಾಕ್ಟ್ ತಿರಸ್ಕರಿಸ್ತು, ಟೆಸ್ಟ್ ಅಲ್ಲಿಗೆ ನಿಂತೋಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೇಯರ್ ಡಿ ಬ್ಲಾಸಿಯೋ ಗಿಫ್ಟೆಡ್ ಪ್ರೋಗ್ರಾಮನ್ನೇ ಹಂತಹಂತವಾಗಿ ನಿಲ್ಲಿಸ್ತೀನಿ ಅಂದ್ರು, ಮುಂದೆ ಬಂದ ಮೇಯರ್ ಎರಿಕ್ ಆ್ಯಡಮ್ಸ್ 2022ರಲ್ಲಿ ಇಲ್ಲ ಇರ್ಲಿ ಅಂತ ಕಿಂಡರ್‌ಗಾರ್ಟನ್‌ಗೆ 100, ಮೂರನೇ ಕ್ಲಾಸಿಗೆ 1,000 ಸೀಟು ಜಾಸ್ತಿ ಮಾಡಿದ್ರು, ಟೆಸ್ಟಿನ ಬದಲು 2021ರಲ್ಲೇ ಶುರುವಾಗಿದ್ದ, ಪ್ರೀಸ್ಕೂಲ್ ಟೀಚರ್ ಶಿಫಾರಸು ಮಾಡಿದ ಮಕ್ಕಳನ್ನ ಲಾಟರಿಗೆ ಹಾಕೋ ಪದ್ಧತಿ ಮುಂದುವರೀತು.

ನನಗನ್ಸೋದು, 4 ವರ್ಷಕ್ಕೆ ಅಳೆಯೋಕಿಂತ ಮೂರನೇ ಕ್ಲಾಸಲ್ಲಿ ಸೀಟು ಕೊಡೋದೇ ವಾಸಿ, ಅಷ್ಟೊತ್ತಿಗೆ ಮಗು ಒಂದೆರಡು ವರ್ಷನಾದ್ರೂ ಶಾಲೆ ನೋಡಿರುತ್ತೆ.